ಬೆಟ್ಟದಲ್ಲಿ ಮುಖ ಕೆತ್ತಿದ ವಲಸಿಗ ಶಿಲ್ಪಿ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳಲ್ಲಿ ತಮ್ಮ ಹೆಸರನ್ನೂ ಕೆತ್ತಿಟ್ಟರು. ಹೀಗಾಗಿ ಇಂದಿಗೂ ನಾವು ಅವರನ್ನು ಬಲ್ಲೆವು. ಎಂಟು ಶತಮಾನಗಳ ಬಳಿಕ ಅಮೆರಿಕದಲ್ಲಿ ದುಡಿದ ಲುಯಿಜಿ ಡೆಲ್ ಬಿಯಾಂಕೊ ಎಂಬ ಶಿಲ್ಪಿಗೆ ಈ ಭಾಗ್ಯ ಬಹುಕಾಲ ದೊರೆಯಲಿಲ್ಲ.

1892ರಲ್ಲಿ ಜನಿಸಿದ ಲುಯಿಜಿ ಬೆಳೆದದ್ದು ಉತ್ತರ ಇಟಲಿಯ ಮೆದುನೊ ಎಂಬ ಊರಿನಲ್ಲಿ. ಬಾಲ್ಯದಲ್ಲೇ ಉಳಿ ಹಿಡಿದು, ವಿಯೆನ್ನಾ ಮತ್ತು ವೆನಿಸ್‌ಗಳಲ್ಲಿ ಕೆಲಸ ಕಲಿತು, 1908ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಪಟ್ಟಣಕ್ಕೆ ವಲಸೆ ಹೋದರು. ಅದು ಗ್ರಾನೈಟ್ ಗಣಿಗಳಿಗೆ ಹೆಸರಾದ ಊರು. ಮೊದಲ ಮಹಾಯುದ್ಧದಲ್ಲಿ ಇಟಲಿಯ ಪರ ಹೋರಾಡಲು ಹಿಂತಿರುಗಿ, ಅನಂತರ ಮತ್ತೆ ಅಮೆರಿಕಕ್ಕೆ ಬಂದು ನ್ಯೂಯಾರ್ಕ್ ರಾಜ್ಯದ ಪೋರ್ಟ್ ಚೆಸ್ಟರ್‌ನಲ್ಲಿ ನೆಲೆಸಿದರು.

ದಕ್ಷಿಣ ಡಕೋಟಾದ ರಶ್ಮೋರ್ ಬೆಟ್ಟದಲ್ಲಿ ನಾಲ್ವರು ಅಧ್ಯಕ್ಷರ ಮುಖಗಳ ಕೆಲಸ 1927ರಿಂದ 1941ರವರೆಗೆ ನಡೆಯಿತು. ಲಕೋಟಾ ಮೂಲನಿವಾಸಿಗಳಿಗೆ ಪವಿತ್ರವಾದ ನೆಲವದು. ಒಂದೊಂದು ಮುಖದ ಎತ್ತರ ಸುಮಾರು 60 ಅಡಿ. ಸುಮಾರು 400 ಮಂದಿ ದುಡಿದರು. ಹೆಚ್ಚಿನ ಕಲ್ಲನ್ನು ಸಿಡಿಮದ್ದಿನಿಂದಲೇ ಒಡೆದು ತೆಗೆದರು. ಆದರೆ ಸಿಡಿಮದ್ದು ಕಲ್ಲನ್ನು ಒಡೆಯಬಲ್ಲದೇ ಹೊರತು ಮುಖಕ್ಕೆ ಕಳೆ ತರಲಾರದು. ಆದ್ದರಿಂದ ಮುಖ್ಯ ಶಿಲ್ಪಿ ಗುಟ್ಜನ್ ಬೋರ್ಗ್ಲಮ್ 1933ರಲ್ಲಿ ಲುಯಿಜಿಯವರನ್ನು ಪ್ರಧಾನ ಕೆತ್ತನೆಗಾರರನ್ನಾಗಿ ನೇಮಿಸಿದರು. ಸಂಬಳ ಗಂಟೆಗೆ ಒಂದೂವರೆ ಡಾಲರ್. ಬೆಟ್ಟದ ನೆತ್ತಿಯಿಂದ ಇಳಿಬಿಟ್ಟ ಉಕ್ಕಿನ ಹಗ್ಗಕ್ಕೆ ತೂಗುಬಿದ್ದು ಅವರು ಲಿಂಕನ್ನರ ಕಣ್ಣುಗಳಿಗೆ ಜೀವಕಳೆ ತಂದರು. ಜೆಫರ್ಸನ್ನರ ತುಟಿಯ ಬಿರುಕಿಗೆ ಕಲ್ಲಿನ ತುಂಡನ್ನು ಕೂರಿಸಿ ಸರಿಪಡಿಸಿದರು.

ಕೆಲಸ ಮುಗಿದ ಮೇಲೆ ಕೀರ್ತಿಯೆಲ್ಲ ಬೋರ್ಗ್ಲಮ್‌ರಿಗೆ ಸಂದಿತು. ಲುಯಿಜಿ ಪೋರ್ಟ್ ಚೆಸ್ಟರ್‌ನಲ್ಲಿ ಸಮಾಧಿಕಲ್ಲುಗಳನ್ನು ಕೆತ್ತುತ್ತ ಬದುಕಿದರು. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಕಾಯಿಲೆಯಾಗಿ, 1969ರಲ್ಲಿ ತೀರಿಕೊಂಡರು. ಅವರ ಮಗ ಮತ್ತು ಮೊಮ್ಮಗ ವರ್ಷಗಟ್ಟಲೆ ದಾಖಲೆಗಳನ್ನು ಹುಡುಕಿದರು. ಲುಯಿಜಿಯವರ ಕೈಚಳಕವನ್ನು ಮೆಚ್ಚಿ ಸ್ವತಃ ಬೋರ್ಗ್ಲಮ್ ಬರೆದಿದ್ದ ಪತ್ರಗಳು ದೊರೆತವು. ಕೊನೆಗೆ 2017ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ಅವರನ್ನು ಪ್ರಧಾನ ಕೆತ್ತನೆಗಾರರೆಂದು ಮನ್ನಿಸಿ ಬೆಟ್ಟದ ಬಳಿ ಫಲಕ ಹಾಕಿತು.

ಅದಾಗುವ ಹೊತ್ತಿಗೆ ಅವರು ಕಾಲವಾಗಿ 48 ವರ್ಷಗಳಾಗಿದ್ದವು. ಪತ್ರಗಳು ಉಳಿದಿರದಿದ್ದರೆ ಆ ಫಲಕವೂ ಇರುತ್ತಿರಲಿಲ್ಲ. ಪ್ರಿಯ ವಿದ್ಯಾರ್ಥಿಗಳೇ, ಉದ್ಘಾಟಿಸಿದವರ ಹೆಸರು ಶಿಲಾಫಲಕದಲ್ಲಿ ತಾನಾಗಿಯೇ ಉಳಿಯುತ್ತದೆ. ಕಲ್ಲು ಕಡೆದವರ ಹೆಸರು ಯಾರಾದರೂ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ನಿಮ್ಮ ಊರಿನ ಗುಡಿ, ಕೆರೆಯ ತೂಬು, ಶಾಲೆಯ ಗೋಡೆ ಕಟ್ಟಿದವರು ಯಾರೆಂದು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಚರಿತ್ರೆಯ ಕೆಲಸ ಆರಂಭವಾಗುವುದು ಅಲ್ಲಿಂದಲೇ.