ಕೊರವಂಜಿ ಹೇಳಿದ ಕಣಿ

ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿಕೊಂಡಾಗ, ಗಡಿನಾಡಿನ ಸಮಸ್ಯೆಯನ್ನು ಕುರಿತೇ ನಾವು ಏನಾದರೂ ಬರೆಯುವೆವೆಂದು ಅವರು ಭಾವಿಸಿದ್ದಿರಬೇಕು. ಆ ವಿಷಯವನ್ನು ಅಧಿಕಾರವಾಣಿಯಿಂದ ಹೇಳಬಲ್ಲ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ನಾವಾದರೋ ಹಾಸ್ಯಪತ್ರಿಕೆಯೊಂದರ ಚರಿತ್ರೆಯನ್ನು ಹೇಳಲು ಹೊರಟಿದ್ದೇವೆ. ಇದು ಹೊಣೆಗೇಡಿತನವೆಂದು ಯಾರಿಗಾದರೂ ತೋರಿದಲ್ಲಿ, ಅವರು ದಯವಿಟ್ಟು ತುಸು ತಾಳ್ಮೆಯಿಂದ ಮುಂದಕ್ಕೆ ಓದಬೇಕು.

ಕಾಸರಗೋಡಿನ ಈ ಭಾಗದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಿರುವ ನಮ್ಮ ಮನಸ್ಸನ್ನು ಕೆಲವು ವರ್ಷಗಳಿಂದ ಒಂದು ಸಂಗತಿ ಕೊರೆಯುತ್ತಿದೆ. ನಮ್ಮ ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ. ಕನ್ನಡದಲ್ಲಿ ಭಾಷಣಸ್ಪರ್ಧೆಗೆ ನಿಲ್ಲುತ್ತಾರೆ. ರಾಜ್ಯೋತ್ಸವದ ದಿನ ಕನ್ನಡದಲ್ಲಿ ಹಾಡುತ್ತಾರೆ. ಆದರೆ ಮಧ್ಯಾಹ್ನದ ಬಿಡುವಿನಲ್ಲಿ ಜಗಲಿಯ ಮೇಲೆ ಕುಳಿತು ನಗುವಾಗ, ಆ ನಗು ತುಳುವಿನದಾಗಿರುತ್ತದೆ, ಇಲ್ಲವೇ ಮಲಯಾಳದ ಚಲಚ್ಚಿತ್ರದ್ದಾಗಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ತುಳು ನಮ್ಮಲ್ಲಿ ಬಹುಮಂದಿಯ ಮನೆಮಾತು. ಮಲಯಾಳ ನಮ್ಮ ಪೇಟೆಯ ಮಾತು. ಆದರೆ ಮದುವೆ ಮುಂಜಿಗಳಿಗೆ ಮಾತ್ರ ಪೆಟ್ಟಿಗೆಯಿಂದ ಹೊರತೆಗೆಯುವ ಜರತಾರಿ ಶಾಲಿನಂತೆ ಕನ್ನಡವು ಗಂಭೀರ ಸಂದರ್ಭಗಳಿಗಷ್ಟೇ ಮೀಸಲಾಗಿಬಿಟ್ಟಿತೇ ಎಂಬ ಶಂಕೆ ನಮ್ಮದು. ಈ ಶಂಕೆಯಲ್ಲಿದ್ದಾಗಲೇ, ಹಿರಿಯರೊಬ್ಬರ ಮನೆಯ ಅಟ್ಟದಿಂದ ಇಳಿದುಬಂದ ‘ಕೊರವಂಜಿ’ಯ ಹಳೆಯ ಸಂಚಿಕೆಗಳ ಕಟ್ಟೊಂದು ನಮ್ಮ ಕೈಸೇರಿತು.

ಹೆಸರನ್ನೇ ಮೊದಲು ನೋಡೋಣ. ಯಕ್ಷಗಾನದ ಪಿತಾಮಹನೆಂದು ಹೆಸರಾದ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಕೊರವಂಜಿ ಯಾರೆಂದು ಹೇಳಿಕೊಡಬೇಕಾಗಿಲ್ಲ. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಸಾಕ್ಷಾತ್ ಶ್ರೀನಿವಾಸನೇ ಕೊರವಂಜಿಯ ವೇಷ ತೊಟ್ಟು ಅರಮನೆಗೆ ಬಂದು, ಪದ್ಮಾವತಿಯ ಮನೋರೋಗದ ಕಾರಣವನ್ನು ಅವಳ ತಾಯಿಗೆ ತಿಳಿಸುತ್ತಾನೆ. ಮಂತ್ರಿ ಪುರೋಹಿತರು ರಾಣಿಯ ಎದುರಿಗೆ ಆಡಲಾರದ ಮಾತನ್ನು ಬುಟ್ಟಿ ಹೊತ್ತ ಈ ಹೆಂಗಸು ಕೈನೋಡಿ ಆಡಿಬಿಡಬಲ್ಲಳು. ಅವಳನ್ನು ಯಾರೂ ದಂಡಿಸುವುದಿಲ್ಲ. ಮರದ ತುಂಬ ಅಕ್ಕಿ ಕೊಟ್ಟು ಕಳುಹಿಸುತ್ತಾರೆ. ವಿಡಂಬನೆಯ ಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ. ಲಂಡನ್ನಿನ ‘ಪಂಚ್’ ೧೮೪೧ರಲ್ಲಿ ಹುಟ್ಟಿದಾಗ ಅದೂ ಬೀದಿಯ ಗೊಂಬೆಯಾಟದ ನಾಯಕನ ಹೆಸರನ್ನೇ ಇಟ್ಟುಕೊಂಡಿತ್ತು. ‘ಕಾರ್ಟೂನ್’ ಎಂಬ ಮಾತಿಗೆ ವ್ಯಂಗ್ಯಚಿತ್ರವೆಂಬ ಅರ್ಥ ಬಂದದ್ದು ೧೮೪೩ರಲ್ಲಿ ಆ ಪತ್ರಿಕೆಯಿಂದಲೇ. ಕನ್ನಡದ ಪತ್ರಿಕೆಯಾದರೋ ಆಂಗ್ಲರ ಗೊಂಬೆಯನ್ನು ಎರವಲು ತರದೆ ನಮ್ಮ ರಂಗಸ್ಥಳದಿಂದಲೇ ತನ್ನ ನಾಯಕಿಯನ್ನು ಕರೆತಂದಿತು.

‘ಕೊರವಂಜಿ’ಯು ೧೯೪೨ರಲ್ಲಿ ಬೆಂಗಳೂರಿನಲ್ಲಿ ಮಾಸಪತ್ರಿಕೆಯಾಗಿ ಜನ್ಮತಾಳಿತು. ಅದನ್ನು ಹುಟ್ಟಿಸಿದವರು ಸಾಹಿತ್ಯವನ್ನೇ ವೃತ್ತಿಯಾಗಿಸಿಕೊಂಡವರಲ್ಲ, ರೋಗಿಗಳ ನಾಡಿ ಹಿಡಿಯುವ ವೈದ್ಯರು. ಡಾಕ್ಟರ್ ಎಂ. ಶಿವರಾಂ ಅವರ ಚಿಕಿತ್ಸಾಲಯವು ಮೆಜೆಸ್ಟಿಕ್ ಪ್ರದೇಶದಲ್ಲಿತ್ತು. ‘ರಾಶಿ’ ಎಂಬುದು ಅವರ ಕಾವ್ಯನಾಮ. ಆ ವರ್ಷ ಎಂತಹುದೆಂಬುದನ್ನು ವಾಚಕರು ನೆನೆಯಬೇಕು. ಎರಡನೆಯ ಮಹಾಯುದ್ಧವು ಬರ್ಮಾದವರೆಗೆ ಬಂದಿದೆ. ಆಗಸ್ಟಿನಲ್ಲಿ ‘ಕ್ವಿಟ್ ಇಂಡಿಯಾ’ ಚಳವಳಿಯ ಕಿಡಿ ಹೊತ್ತಿದೆ. ದಿನಬಳಕೆಯ ವಸ್ತುಗಳಿಗೆ ಅಭಾವ, ಮುದ್ರಣದ ಕಾಗದಕ್ಕಂತೂ ಹೇಳತೀರದ ಅಭಾವ. ಹಾಸ್ಯಕ್ಕೆ ಇದು ಸಮಯವೇ ಎಂದು ಆಗಲೂ ಯಾರಾದರೂ ಕೇಳಿದ್ದಿರಬಹುದು. ನಮ್ಮ ಅಲ್ಪಮತಿಗೆ ತೋರುವಂತೆ, ವೈದ್ಯರು ಅದನ್ನು ಔಷಧದ ಸಮಯವೆಂದೇ ಕಂಡರು. ರಾಶಿಯವರ ಆಸಕ್ತಿ ದೇಹಕ್ಕಷ್ಟೇ ನಿಂತದ್ದಲ್ಲ. ಮುಂದೆ ೧೯೭೬ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದುಕೊಟ್ಟ ‘ಮನಮಂಥನ’ವು ಹಾಸ್ಯಗ್ರಂಥವಲ್ಲ, ಮನಸ್ಸಿನ ವ್ಯಾಪಾರಗಳನ್ನು ಕುರಿತ ಗ್ರಂಥ.

ಇನ್ನು, ನಾವು ಈ ಲೇಖನವನ್ನು ಕೈಗೆತ್ತಿಕೊಳ್ಳಲು ಮುಖ್ಯ ಕಾರಣರಾದವರ ಮಾತು. ‘ಕೊರವಂಜಿ’ಯ ಆಧಾರಸ್ತಂಭವಾಗಿ ನಿಂತವರು ನಾ. ಕಸ್ತೂರಿಯವರು. ಅವರು ೧೮೯೭ರಲ್ಲಿ ಹುಟ್ಟಿದ್ದು ಕೊಚ್ಚಿ ಸಂಸ್ಥಾನದ ತ್ರಿಪ್ಪೂಣಿತ್ತುರದಲ್ಲಿ, ಮನೆಮಾತು ಮಲಯಾಳ. ಅಧ್ಯಾಪಕರಾಗಿ ಮೈಸೂರಿಗೆ ಬಂದು, ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯನ್ನು ಪಾಠ ಹೇಳುತ್ತ, ಕನ್ನಡವನ್ನು ಕನ್ನಡಿಗರೇ ಬೆರಗಾಗುವಷ್ಟು ತಮ್ಮದನ್ನಾಗಿ ಮಾಡಿಕೊಂಡರು. ಅವರ ‘ಅನರ್ಥಕೋಶ’ವನ್ನು ಬಲ್ಲವರು ಬಲ್ಲರು. ಅರ್ಥಕೋಶದ ವೇಷದಲ್ಲಿ ಬಂದು ಪದಗಳಿಗೆಲ್ಲ ಅನರ್ಥವನ್ನು ಹೇಳುವ ಕೋಶವದು. ದಿನವೂ ಬಳಸುವ ಪದವನ್ನು ಎಲ್ಲಿ ಮುರಿಯಬಾರದೋ ಅಲ್ಲಿಯೇ ಮುರಿದು, ಒಳಗೆ ಅಡಗಿದ್ದ ಇನ್ನೊಂದು ಪದವನ್ನು ಹೊರಗೆಳೆದು ತೋರಿಸುವುದು ಅದರ ಕ್ರಮ. ಹುಟ್ಟಿನಿಂದಲೇ ಕನ್ನಡವಾಡಿದವನಿಗೆ ಪದವು ಇಡಿಯಾಗಿ ಬಾಯಿಗೆ ಬರುತ್ತದೆ. ಅದರ ಬೆಸುಗೆ ಅವನ ಕಣ್ಣಿಗೆ ಬೀಳುವುದಿಲ್ಲ. ಹೊರಗಿನಿಂದ ಬಂದು ಕಲಿತವನು ಪ್ರತಿಯೊಂದು ಪದವನ್ನೂ ತಿರುಗಿಸಿ ತಿರುಗಿಸಿ ನೋಡಿರುತ್ತಾನೆ. ಕಸ್ತೂರಿಯವರ ಚಮತ್ಕಾರದ ಮೂಲವು ಇಲ್ಲಿಯೇ ಇದೆಯೆಂಬುದು ನಮ್ಮ ಊಹೆ. ವ್ಯಾಕರಣವನ್ನು ಬಲ್ಲವನಲ್ಲದೆ ಅದನ್ನು ಹೀಗೆ ಲೀಲೆಯಿಂದ ಕೆಡಿಸಲಾರ ಎಂಬುದನ್ನೂ ಇಲ್ಲಿ ಹೇಳಬೇಕು. ವ್ಯಾಕರಣದ ಮೇಷ್ಟರಾದ ನಮಗೆ ಅಷ್ಟು ಅಭಿಮಾನವಾದರೂ ಇರಬಾರದೇ?

ಕಸ್ತೂರಿಯವರೊಬ್ಬರೇ ಅಲ್ಲ. ‘ಕೊರವಂಜಿ’ಯ ಪುಟಗಳಲ್ಲಿ ಚಿತ್ರ ಬರೆದ ತರುಣರಲ್ಲಿ ಆರ್. ಕೆ. ಲಕ್ಷ್ಮಣರೂ ಒಬ್ಬರು. ಮೈಸೂರಿನ ತಮಿಳು ಮನೆತನವೊಂದರಲ್ಲಿ ೧೯೨೧ರಲ್ಲಿ ಹುಟ್ಟಿದ ಈ ಮಹಾರಾಜ ಕಾಲೇಜಿನ ವಿದ್ಯಾರ್ಥಿಗೆ ಶಿವರಾಂ ಅವರ ಪ್ರೋತ್ಸಾಹವು ಧಾರಾಳವಾಗಿ ದೊರೆಯಿತು. ೧೯೫೧ರಿಂದ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಚೌಕಳಿಯ ಕೋಟು ತೊಟ್ಟು, ತುಟಿ ಬಿಚ್ಚದೆ ಎಲ್ಲವನ್ನೂ ನೋಡುತ್ತಿದ್ದ ಆ ಶ್ರೀಸಾಮಾನ್ಯನನ್ನು ಅರಿಯದವರಾರು? ಅವನನ್ನು ಬರೆದ ಕೈ ಅದಕ್ಕೆ ಮೊದಲು ಕನ್ನಡದ ಹಾಸ್ಯಕ್ಕೆ ರೇಖೆ ಎಳೆದಿತ್ತು. ಕನ್ನಡದ ಮೊದಲ ಹಾಸ್ಯಲೇಖಕಿಯೆಂದು ಮನ್ನಣೆ ಪಡೆದ ಟಿ. ಸುನಂದಮ್ಮನವರು ಬೆಳೆದದ್ದೂ ಈ ಪತ್ರಿಕೆಯ ಆಶ್ರಯದಲ್ಲಿಯೇ. ಅದುವರೆಗೆ ಗಂಡಸರು ಬರೆದ ಹಾಸ್ಯದಲ್ಲಿ ಹೆಂಡತಿಯೆಂದರೆ ನಗೆಗೆ ಗುರಿಯಾಗುವವಳು. ಸುನಂದಮ್ಮನವರ ಬರಹದಲ್ಲಿ ಅಡುಗೆಮನೆಯೊಳಗಿಂದ ಅವಳೇ ನಗತೊಡಗಿದಳು.

ಕೇರಳದ ಕಾಯಂಕುಳದವರಾದ ಶಂಕರ್ ದೆಹಲಿಯಲ್ಲಿ ಆರಂಭಿಸಿದ ‘ಶಂಕರ್ಸ್ ವೀಕ್ಲಿ’ಗಿಂತ ನಮ್ಮ ಕೊರವಂಜಿ ಆರು ವರ್ಷ ಹಿರಿಯಳು. ಶಂಕರರ ಪತ್ರಿಕೆ ೧೯೪೮ರಲ್ಲಿ ಹುಟ್ಟಿ, ತುರ್ತುಪರಿಸ್ಥಿತಿಯ ೧೯೭೫ರಲ್ಲಿ ನಿಂತಿತು. ಕೊರವಂಜಿಯ ಆಯುಸ್ಸು ೨೫ ವರ್ಷ; ೧೯೬೭ರಲ್ಲಿ ಅವಳು ತನ್ನ ಬುಟ್ಟಿಯನ್ನು ಕೆಳಗಿಳಿಸಿದಳು.

ಆ ೨೫ ವರ್ಷಗಳ ನಡುವೆ ನಮ್ಮ ಪಾಲಿನ ಚರಿತ್ರೆಯೂ ನಡೆದುಹೋಯಿತು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ೧೯೬೭ರಲ್ಲಿ ಶಿಫಾರಸು ಮಾಡಿತು. ಆ ವರದಿ ಇಂದಿಗೂ ವರದಿಯಾಗಿಯೇ ಉಳಿದಿದೆ. ಕೊರವಂಜಿ ನಿಂತ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯ. ಆದರೂ ಆ ವರದಿಯ ಮುಂದಿನ ಗತಿಯನ್ನು ಕಣಿ ಹೇಳಲು ಅವಳೊಬ್ಬಳು ಇರಬೇಕಿತ್ತೆಂದು ನಮಗೆ ಅನ್ನಿಸದೆ ಇರದು. ೧೯೮೩ರಲ್ಲಿ ‘ಅಪರಂಜಿ’ ಎಂಬ ಹೆಸರಿನಿಂದ ಅವಳ ಪರಂಪರೆ ಮತ್ತೆ ಕಣ್ತೆರೆಯಿತು. ರಾಶಿಯವರು ಅದನ್ನು ಕಂಡು, ೧೯೮೪ರಲ್ಲಿ ಕಾಲವಾದರು. ಕಸ್ತೂರಿಯವರು ೧೯೮೭ರಲ್ಲಿ ತೀರಿಕೊಂಡರು.

ಅಟ್ಟದಿಂದ ಬಂದ ಆ ಕಟ್ಟನ್ನು ನಾವು ಒಂದು ದಿನ ಒಂಬತ್ತನೆಯ ತರಗತಿಗೆ ಒಯ್ದೆವು. ಯುದ್ಧಕಾಲದ ಮಾತುಗಳಲ್ಲಿ ಹಲವು ಮಕ್ಕಳಿಗೆ ತಿಳಿಯಲಿಲ್ಲ. ವಿವರಿಸಿದೆವು, ವಿವರಿಸಿದ ಹಾಸ್ಯಕ್ಕೆ ಆಗುವ ಗತಿಯೇ ಅದಕ್ಕೂ ಆಯಿತು. ಬಳಿಕ ಅನರ್ಥಕೋಶದ ಕ್ರಮವನ್ನಷ್ಟು ತಿಳಿಸಿ, ನೀವೇ ಒಂದೊಂದು ಪದವನ್ನು ಹೀಗೆ ಮುರಿದು ತನ್ನಿರೆಂದೆವು. ಮರುದಿನ ಹುಡುಗನೊಬ್ಬ, ‘ಪರೀಕ್ಷೆ: ಪರರ ಉತ್ತರಪತ್ರಿಕೆಯನ್ನು ಈಕ್ಷಿಸುವುದು’ ಎಂದು ಬರೆದು ತಂದಿದ್ದ. ಪರ ಮತ್ತು ಈಕ್ಷೆ ಸೇರಿದರೆ ಗುಣಸಂಧಿಯಾಗಿ ಪರೇಕ್ಷೆಯಾಗಬೇಕಲ್ಲವೇ ಎಂದು ಕೇಳಿದೆವು. ‘ಹಾಗೆಯೇ ಬರೆದಿದ್ದೆ ಸಾರ್, ಪಕ್ಕದವನು ಪರೀಕ್ಷೆ ಎಂದು ಬರೆದಿದ್ದ’ ಎಂದ. ಸಂಧಿಪ್ರಕರಣವನ್ನು ಇಷ್ಟು ಲವಲವಿಕೆಯಿಂದ ಕಲಿಸಿದ ನೆನಪು ನಮಗಿಲ್ಲ.

ಕೊನೆಯ ಸಾಲಿನಲ್ಲಿ ಕೂರುವ, ಮನೆಯಲ್ಲಿ ಮಲಯಾಳವಾಡುವ ಹುಡುಗಿಯೊಬ್ಬಳು ಒಂದೇ ಪದವನ್ನು ಬರೆದಿದ್ದಳು: ‘ಗಡಿಯಾರ: ಗಡಿ ಯಾರದು ಎಂದು ಇಪ್ಪತ್ನಾಲ್ಕು ಗಂಟೆಯೂ ಕೇಳುತ್ತ, ಇದ್ದಲ್ಲಿಯೇ ಸುತ್ತುವ ವಸ್ತು.’ ಗಟ್ಟಿಯಾಗಿ ಓದಿದೆವು. ತರಗತಿ ನಕ್ಕ ಸದ್ದಿಗೆ ಪಕ್ಕದ ಕೋಣೆಯ ಗಣಿತದ ಮೇಷ್ಟರು ಬಂದು ಇಣುಕಿ ಹೋದರು. ಆ ಹಾಳೆಗಳನ್ನೆಲ್ಲ ಹೊಲಿದು ಕೈಬರಹದ ಪತ್ರಿಕೆಯೊಂದನ್ನು ಮಾಡಿ ವಾಚನಾಲಯದಲ್ಲಿ ಇಟ್ಟಿದ್ದೇವೆ. ಅದಕ್ಕೆ ಯಾವ ಹೆಸರಿಡಬೇಕೆಂಬುದರ ಬಗ್ಗೆ ಮಕ್ಕಳಲ್ಲಿ ಇನ್ನೂ ಜಗಳ ನಡೆದಿದೆ; ಜಗಳವು ಕನ್ನಡದಲ್ಲಿಯೇ ನಡೆದಿರುವುದರಿಂದ ನಾವು ಅದನ್ನು ಬಿಡಿಸಲು ಹೋಗಿಲ್ಲ.