ಗಾಯ ಕಟ್ಟಲು ಕಲಿತವರು: ಜೋರ್ಡನ್ಸ್ ಶಿಬಿರ, 1914

ಹೊರದೇಶಕ್ಕೆ ಸೇವೆಗೆ ಹೋದವರ ವೃತ್ತಾಂತಗಳು ಸಭಾಚರಿತ್ರೆಯಲ್ಲಿ ಹೇರಳವಾಗಿವೆ. ಹೋಗುವ ಮುನ್ನ ಅವರು ಪಡೆದ ತರಬೇತಿಯ ವೃತ್ತಾಂತಗಳು ವಿರಳ. ಅಂಥ ತರಬೇತಿ ಕೈಗಳಿಗೆ ಮಾತ್ರ ಸಾಕೇ, ಮನಸ್ಸಾಕ್ಷಿಗೂ ಬೇಕೇ ಎಂಬ ಪ್ರಶ್ನೆಯನ್ನು ಒಂದು ಪುಟ್ಟ ಶಿಬಿರದ ಚರಿತ್ರೆಯ ಮೂಲಕ ನಾವು ಇಲ್ಲಿ ಪರಿಶೀಲಿಸುತ್ತೇವೆ.

ಕ್ವೇಕರ್ ಕ್ರೈಸ್ತರು 17ನೆಯ ಶತಮಾನದಿಂದಲೂ ಯುದ್ಧವನ್ನು ನಿರಾಕರಿಸುತ್ತ ಬಂದವರು. 1914ರ ಆಗಸ್ಟ್‌ನಲ್ಲಿ ಬ್ರಿಟನ್ ಯುದ್ಧಕ್ಕಿಳಿದಾಗ ಅವರ ಯುವಜನರು ಇಕ್ಕಟ್ಟಿಗೆ ಸಿಲುಕಿದರು. ಆಯುಧ ಹಿಡಿಯಲಾರೆವು, ನಿಜ. ಆದರೆ ಓರಗೆಯವರು ಸಾಯುತ್ತಿರುವಾಗ ಕೈಕಟ್ಟಿ ಕುಳಿತಿರಬಹುದೇ? 24 ವರ್ಷದ ಫಿಲಿಪ್ ಬೇಕರ್ ಅವರು ಕ್ವೇಕರರ ಪತ್ರಿಕೆಯ ಮೂಲಕ ಸ್ವಯಂಸೇವಕರಿಗೆ ಕರೆ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಬಕಿಂಗ್‌ಹ್ಯಾಮ್‌ಷೈರ್‌ನ ಜೋರ್ಡನ್ಸ್ ಎಂಬಲ್ಲಿ ಸುಮಾರು 60 ಯುವಕರ ಶಿಬಿರ ನಡೆಯಿತು. ವಿಲಿಯಂ ಪೆನ್ ಅವರ ಸಮಾಧಿ ಇರುವುದೂ ಅಲ್ಲಿನ ಆರಾಧನಾಲಯದ ಅಂಗಳದಲ್ಲೇ.

ಪ್ರಥಮ ಚಿಕಿತ್ಸೆ, ಸ್ಟ್ರೆಚರ್ ಹೊರುವ ಕವಾಯತು, ನೈರ್ಮಲ್ಯ, ಬಯಲಿನ ಅಡುಗೆ, ದೂರದ ನಡಿಗೆ ಇವು ಅಲ್ಲಿನ ಪಾಠಗಳು. ಈ ಶಿಸ್ತಿನಲ್ಲಿ ಸೈನ್ಯದ ಛಾಯೆಯನ್ನು ಕಂಡು ಕೆಲವು ಹಿರಿಯರು ಕಳವಳಗೊಂಡರು. ‘ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್’ ಎಂದು ಹೆಸರಾದ ಈ ತಂಡವನ್ನು ಕ್ವೇಕರ್ ಸಮಾಜವು ಅಧಿಕೃತವಾಗಿ ತನ್ನದೆಂದು ಸ್ವೀಕರಿಸಲೇ ಇಲ್ಲ.

ಅಕ್ಟೋಬರ್ 31ರಂದು 43 ಮಂದಿ ಡನ್‌ಕರ್ಕ್‌ಗೆ ಹಡಗು ಹತ್ತಿದರು. ದಾರಿಯಲ್ಲೇ ಟಾರ್ಪಿಡೊ ಏಟಿಗೆ ಮುಳುಗುತ್ತಿದ್ದ ‘ಹರ್ಮಿಸ್’ ಯುದ್ಧನೌಕೆಯ ನಾವಿಕರನ್ನು ರಕ್ಷಿಸುವ ಕೆಲಸ ಎದುರಾಯಿತು. ಡನ್‌ಕರ್ಕ್‌ನ ರೈಲ್ವೆ ಸರಕು ಶೆಡ್‌ಗಳಲ್ಲಿ ಸಾವಿರಾರು ಗಾಯಾಳುಗಳು ಆರೈಕೆಯಿಲ್ಲದೆ ಬಿದ್ದಿದ್ದರು. ಆ ಸಮಾರ್ಯದವನ ಸಾಮ್ಯದಲ್ಲಿ (ಲೂಕ 10) ನಾವು ಸಾಮಾನ್ಯವಾಗಿ ಕನಿಕರವನ್ನೇ ಎತ್ತಿ ಬೋಧಿಸುತ್ತೇವೆ. ಅವನಿಗೆ ಗಾಯ ಕಟ್ಟಲು ಬರುತ್ತಿತ್ತು ಎಂಬುದನ್ನು ಮರೆಯುತ್ತೇವೆ. ಶೆಡ್‌ಗಳಲ್ಲಿ ಬೇಕಾದದ್ದು ಎರಡೂ.

1916ರಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂದಿತು. ಯೂನಿಟ್‌ನಲ್ಲಿ ದುಡಿಯುವುದು ಈಗ ವಿನಾಯಿತಿ ಪಡೆಯುವ ಒಂದು ಮಾರ್ಗವೂ ಆಯಿತು. ಡನ್‌ಕರ್ಕ್‌ನಲ್ಲಿ ದುಡಿದಿದ್ದ ಕಾರ್ಡರ್ ಕ್ಯಾಚ್‌ಪೂಲ್ ಅವರು ಈ ರಿಯಾಯಿತಿಯ ಆಶ್ರಯದಲ್ಲಿ ಮುಂದುವರಿಯಲೊಪ್ಪದೆ ಯೂನಿಟ್ ಬಿಟ್ಟರು. ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆ ಕಂಡರು. ಅವರ ಸಂಗಡಿಗರಲ್ಲಿ ಬಹುಮಂದಿ ಗಾಯಾಳುಗಳನ್ನು ಬಿಟ್ಟುಹೋಗಲಾರದೆ ಉಳಿದರು. ಇವರಲ್ಲಿ ಯಾರನ್ನೂ ಹೇಡಿಗಳೆಂದು ಕರೆಯಲಾಗದು. ಒಂದೇ ಸೇವೆಯಲ್ಲಿ ಪಳಗಿದವರು, ಒಂದೇ ಸುವಾರ್ತೆಯನ್ನು ನಂಬಿದವರು, ಬೇರೆ ಬೇರೆ ತೀರ್ಮಾನಕ್ಕೆ ಬಂದರು.

1939ರಲ್ಲಿ ಯೂನಿಟ್ ಮತ್ತೆ ಹುಟ್ಟಿ, ಬರ್ಮಿಂಗ್‌ಹ್ಯಾಮ್ ಬಳಿಯ ನಾರ್ತ್‌ಫೀಲ್ಡ್‌ನಲ್ಲಿ ಶಿಬಿರ ತೆರೆಯಿತು. 1942ರಲ್ಲಿ ಹೊರೇಸ್ ಅಲೆಕ್ಸಾಂಡರ್ ಅವರ ನಾಯಕತ್ವದಲ್ಲಿ ಅದರ ಒಂದು ತಂಡ ಭಾರತಕ್ಕೆ ಬಂದಿತು. ಮಿಡ್ನಾಪುರದ ಚಂಡಮಾರುತದಲ್ಲಿಯೂ 1943ರ ಬಂಗಾಳದ ಕ್ಷಾಮದಲ್ಲಿಯೂ ಪರಿಹಾರ ಕಾರ್ಯ ನಡೆಸಿತು.

ನಮ್ಮ ಸಭೆಗಳೂ ಇಂದು ಯುವಜನರನ್ನು ನೆರೆ, ಭೂಕಂಪಗಳ ನಾಡಿಗೆ ಕಳುಹಿಸುತ್ತಿವೆ. ಪ್ರಾರ್ಥಿಸಿ ಬೀಳ್ಕೊಡುವುದು ಯುಕ್ತವೇ. ಆದರೆ ಪಳಗದ ಕೈ ಸಂತ್ರಸ್ತರಿಗೆ ಹೊರೆಯಾದೀತು. ಅಷ್ಟೇ ಮುಖ್ಯವಾಗಿ, ನಾವು ಯಾರ ಅಪ್ಪಣೆಯಲ್ಲಿ ದುಡಿಯುತ್ತೇವೆ, ನಮ್ಮ ಸೇವೆ ಯಾರ ಉದ್ದೇಶಕ್ಕೆ ಒದಗುತ್ತಿದೆ, ಯಾವಾಗ ಒಲ್ಲೆವೆನ್ನಬೇಕು ಎಂಬ ಪ್ರಶ್ನೆಗಳನ್ನು ಹೊರಡುವ ಮುನ್ನವೇ ಅವರ ಮುಂದಿಡುವುದು ಸೆಮಿನರಿಗಳ ಹೊಣೆ. ಕ್ಯಾಚ್‌ಪೂಲ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಗಳಿಗೆ ಯುದ್ಧದ ನಡುವೆ ನಿಂತು ಉತ್ತರ ಹುಡುಕಬೇಕಾಯಿತು.