ಮೈಸೂರಿನ ಹೆಸರು ಹೊತ್ತ ಕಾಡಗಸೆ

ಠಾಣೆಯ ವಾಗ್ಳೆ ಎಸ್ಟೇಟಿನ ಕಿರಾಣಿ ಅಂಗಡಿಯಲ್ಲಿ ಅಗಸೆ ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ. ‘ಜವಸ್’ ಎಂದರೆ ಮರುಮಾತಿಲ್ಲದೆ ತೂಗಿ ಕೊಡುತ್ತಾನೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರ ಅಡುಗೆಮನೆ ಸೇರಿದ ಮೇಲೆ ಆ ಜವಸ್ ಮತ್ತೆ ಅಗಸಿ ಆಗುತ್ತದೆ. ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದರೆ ರೊಟ್ಟಿಗೆ ಜೊತೆಯಾಗುವ ಚಟ್ನಿಪುಡಿ. ನೀಲಿ ಹೂವಿನ ಈ ಹಿಂಗಾರಿ ಬೆಳೆಗೆ ಸಹ್ಯಾದ್ರಿಯಲ್ಲಿ ಹಳದಿ ಹೂವಿನ ಒಬ್ಬ ದಾಯಾದಿ ಇದ್ದಾನೆ. ಮರಾಠಿಯಲ್ಲಿ ಅದಕ್ಕೆ ‘ಉಂದ್ರಿ’ ಎನ್ನುತ್ತಾರೆ. ಸಸ್ಯಶಾಸ್ತ್ರ ಕೊಟ್ಟ ಹೆಸರು ಲೈನಮ್ ಮೈಸೂರೆನ್ಸ್, ಅಂದರೆ ಮೈಸೂರಿನ ಅಗಸೆ. ಕನ್ನಡದಲ್ಲಿ ಅಗಸೆ ಎಂಬ ಪದ ಸೊಪ್ಪಿನ ಅಗಸೆ ಮರಕ್ಕೂ ಊರಬಾಗಿಲಿಗೂ ಸಲ್ಲುವುದರಿಂದ, ಗೊಂದಲ ಬೇಡವೆಂದು ಈ ಲೇಖನದಲ್ಲಿ ಅದನ್ನು ಕಾಡಗಸೆ ಎಂದೇ ಕರೆಯುತ್ತೇನೆ.

ಗಿಡ ಎಂದರೆ ದೊಡ್ಡ ಮಾತಾಯಿತು. ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ಎತ್ತರದ ತೆಳು ಕಡ್ಡಿ. ಕಿರಿದಾದ ಎಲೆಗಳು ಕಾಂಡದ ಮೇಲೆ ಒಂದರ ನಂತರ ಒಂದರಂತೆ ಜೋಡಣೆಯಾಗಿರುತ್ತವೆ. ತುದಿಯಲ್ಲಿ ಬಿಡಿಬಿಡಿಯಾದ ಗೊಂಚಲು, ಐದೈದು ಎಸಳಿನ ಪುಟ್ಟ ಹಳದಿ ಹೂ. ಅಗಸೆ ಕುಲದ ಹೂಗಳು ಬಾಳುವುದೇ ಅಲ್ಪ: ಬೆಳಿಗ್ಗೆ ಅರಳಿದ ಎಸಳು ಬಿಸಿಲು ಬಲಿಯುವ ಹೊತ್ತಿಗೆ ಉದುರುತ್ತದೆ. ಕಾಯಿಯೊಳಗೆ ಐದು ಕೋಣೆ, ಪ್ರತಿ ಕೋಣೆಗೂ ನಡುವೆ ಒಂದು ಗೋಡೆ, ಒಟ್ಟು ಹತ್ತು ಬೀಜ. ಈ ಲೆಕ್ಕ ಹೊಲದ ಅಗಸೆಗೂ ಒಂದೇ. ಆದರೆ ಹೊಲದ ಅಗಸೆ ಕಪ್ಪುನೆಲದ ಉಳಿದ ತೇವ ನಂಬಿ ಚಳಿಗಾಲದಲ್ಲಿ ಬೆಳೆದರೆ, ಕಾಡಗಸೆ ಮಳೆಯ ಜೊತೆ ಹುಟ್ಟಿ, ಆಗಸ್ಟಿನಿಂದ ಹೂಬಿಟ್ಟು, ಚಳಿ ಬರುವಷ್ಟರಲ್ಲಿ ಬೀಜ ಚೆಲ್ಲಿ ಒಣಗುತ್ತದೆ.

ಹೆಸರು ಬಂದ ದಾರಿ

ಹೆಸರಿನ ಹಿಂದೆ ಬೆಂಜಮಿನ್ ಹೇನ್ ಇದ್ದಾನೆ. ಜರ್ಮನಿಯಲ್ಲಿ ಹುಟ್ಟಿ, ಮೊರಾವಿಯನ್ ಮಿಷನರಿಯಾಗಿ ತರಂಗಂಬಾಡಿಗೆ ಬಂದ ಈತ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ವೈದ್ಯನೂ ಸಸ್ಯ ಸಂಗ್ರಾಹಕನೂ ಆಗಿ ಸೇರಿದ. 1800ರಲ್ಲಿ ಲಾಲ್‌ಬಾಗ್‌ನ ಉಸ್ತುವಾರಿ ಅವನ ಕೈಗೆ ಬಂತು. ಅವನು ಒಣಗಿಸಿ ಕಾಗದಕ್ಕೆ ಅಂಟಿಸಿದ ಮಾದರಿಗಳು ಯುರೋಪಿನ ಸಂಗ್ರಹಗಳನ್ನು ಸೇರಿದವು. 1819ರಲ್ಲಿ ಅವನು ಮದರಾಸಿನಲ್ಲಿ ತೀರಿಕೊಂಡ ಮೇಲೆ, ಅವನು ಇಟ್ಟಿದ್ದ ಹೆಸರನ್ನು ಜಾರ್ಜ್ ಬೆಂಥಮ್ ಅಚ್ಚಿಗೆ ತಂದ. ಹೀಗಾಗಿ ಹೆಸರಿನ ಬಾಲದಲ್ಲಿ ಇಂದಿಗೂ ಇಬ್ಬರೂ ಇದ್ದಾರೆ. ಹೆಸರು ಮೈಸೂರಿನದಾದರೂ ಗಿಡ ಆ ಗಡಿಯನ್ನು ಒಪ್ಪಿಲ್ಲ. ದಕ್ಷಿಣ ಭಾರತದ ಬೆಟ್ಟಗಳು, ಸಹ್ಯಾದ್ರಿ, ಶ್ರೀಲಂಕಾ ಎಲ್ಲವೂ ಅದರ ಸೀಮೆ.

ಹೆಸರಿಟ್ಟ ಮೇಲಿನ ಹಂತ ಪಟ್ಟಿ ಮಾಡುವುದು. 1872ರಿಂದ ಹೊರಬಂದ ಹೂಕರನ ಬ್ರಿಟಿಷ್ ಇಂಡಿಯಾ ಸಸ್ಯಸಂಪುಟಗಳೂ, 1901–08ರಲ್ಲಿ ಥಿಯೊಡೋರ್ ಕುಕ್ ಬರೆದ ಮುಂಬೈ ಪ್ರಾಂತ್ಯದ ಸಸ್ಯಸಂಪುಟವೂ ಕಾಡಗಸೆಗೆ ಜಾಗ ಕೊಟ್ಟವು. ಈ ಕೆಲಸ ವಸಾಹತು ಅಧಿಕಾರಿಗಳ ಕೈಯಿಂದ ಕಾಲೇಜುಗಳಿಗೆ ದಾಟಿದ್ದಕ್ಕೆ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜು ಸಾಕ್ಷಿ. ಎಥೆಲ್ಬರ್ಟ್ ಬ್ಲಾಟರ್ ಕಟ್ಟಿದ ಅಲ್ಲಿನ ಒಣಸಸ್ಯ ಸಂಗ್ರಹಾಲಯಕ್ಕೆ ಈಗ ಅವನದೇ ಹೆಸರು. ಅದೇ ಪರಂಪರೆಯ ಪಾದ್ರಿ ಸಾಂತಾಪಾವು 1953ರಲ್ಲಿ ಖಂಡಾಲದ ಸಸ್ಯಸಂಪುಟ ತಂದರು. ಅವರ ಬಳಿ ಪಳಗಿದ ಸೆಸಿಲ್ ಸಲ್ಡಾನಾ ಬೆಂಗಳೂರಿಗೆ ಬಂದು, ಡಾನ್ ನಿಕೋಲ್ಸನ್ ಜೊತೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪುಟವನ್ನೂ, 1984ರಿಂದ ಕರ್ನಾಟಕದ ಸಂಪುಟಗಳನ್ನೂ ಹೊರತಂದರು. ಮೈಸೂರಿನ ಗಿಡಗಳನ್ನು ಓದುವ ಕಣ್ಣು ಹೀಗೆ ಮುಂಬೈಯಲ್ಲಿ ತಯಾರಾಗಿ ಮರಳಿ ಬಂತು.

ಹೆಸರಿನಿಂದ ಉಪಯೋಗಕ್ಕೆ

ಅಗಸೆ ಕುಲದ ಮೇಲೆ ಜಗತ್ತಿನ ಕಣ್ಣು ಬೇರೆ ಕಾರಣಗಳಿಗೆ ಬಿತ್ತು. ಒಂದೇ ಜಾತಿಯ ಕೆಲವು ಗಿಡಗಳಲ್ಲಿ ಶಲಾಕೆ ಉದ್ದ, ಕೆಲವದರಲ್ಲಿ ಗಿಡ್ಡ ಏಕೆ ಎಂದು ಡಾರ್ವಿನ್ 1863ರಲ್ಲಿ ಅಗಸೆ ಕುಲವನ್ನೇ ಹಿಡಿದು ತೋರಿಸಿದ: ಪರಾಗ ತನ್ನಂಥ ಹೂವಿಗಲ್ಲ, ಇನ್ನೊಂದು ಬಗೆಯ ಹೂವಿಗೆ ಸಲ್ಲಬೇಕು. 1940ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಫ್ಲಾರ್, ಅಗಸೆಯ ತುಕ್ಕು ರೋಗವನ್ನು ನೋಡುತ್ತ, ರೋಗಾಣುವಿನ ಒಂದು ಜೀನ್‌ಗೆ ಎದುರಾಗಿ ಬೆಳೆಯಲ್ಲೂ ಒಂದು ಜೀನ್ ನಿಂತಿರುತ್ತದೆ ಎಂದು ಕಂಡುಕೊಂಡ. ಜಾರ್ಜಿಯಾ ದೇಶದ ಗುಹೆಯೊಂದರಲ್ಲಿ ಸಿಕ್ಕ, ಸುಮಾರು 30,000 ವರ್ಷ ಹಳೆಯ ಕಾಡು ಅಗಸೆಯ ನಾರಿನ ಸುದ್ದಿ 2009ರಲ್ಲಿ ಬಂತು. ಬೇಸಾಯಕ್ಕೆ ಎಷ್ಟೋ ಮೊದಲು ಮನುಷ್ಯ ಈ ಕುಲದಿಂದ ನೂಲು ತೆಗೆದಿದ್ದ.

ತಳಿ ಸುಧಾರಕರ ಪ್ರಶ್ನೆ ಇನ್ನೂ ನೇರ: ಕಾಡಿನ ಯಾವ ಜಾತಿ ಹೊಲದ ಅಗಸೆಯ ಜೊತೆ ಕೂಡುತ್ತದೆ? 1972ರಲ್ಲಿ ಎ. ಸೀತಾರಾಂ ‘ಯುಫೈಟಿಕಾ’ ಪತ್ರಿಕೆಯಲ್ಲಿ ಅಗಸೆಯ ಅಂತರ್ಜಾತಿ ಸಂಕರಗಳ ವಿವರ ಕೊಟ್ಟರು. ಹೊಲದ ಅಗಸೆಗಿರುವ 30 ವರ್ಣತಂತುಗಳೇ ಇರುವ ನೆಂಟರು ಕೂಡುತ್ತಾರೆ, ಎಣಿಕೆ ಬೇರೆಯಾದರೆ ದಾರಿ ಕಷ್ಟ. ಹೊಲದ ಅಗಸೆಯ ಮೂಲಪುರುಷ ಲೈನಮ್ ಬಿಯೆನ್ನೆ ಇಂಥ ಹತ್ತಿರದ ನೆಂಟ. 2009ರ ವಂಶವೃಕ್ಷ ಅಧ್ಯಯನ ಈ ಕುಲವನ್ನು ನೀಲಿ ಹೂವಿನ ಕವಲು, ಹಳದಿ ಹೂವಿನ ಕವಲು ಎಂದು ಎರಡಾಗಿ ಬಿಡಿಸಿತು. ಹೊಲದ ಅಗಸೆ ಇರುವುದು ನೀಲಿ ಕವಲಿನಲ್ಲಿ. ಬೆಳೆಗೆ ಕೂಡುವ ಕಾಡುಗಿಡಕ್ಕೆ ಬೀಜಭಂಡಾರದಲ್ಲಿ ಬೇಗ ಜಾಗ ಸಿಗುತ್ತದೆ. ದೂರದ ದಾಯಾದಿಯನ್ನು ಮದುವೆಗೂ ಕರೆಯುವವರಿಲ್ಲ.

ನೆಲ ಉಳಿದರೆ ಗಿಡ

ಸಂರಕ್ಷಣೆಯ ಕತೆ ಇಲ್ಲಿಂದ ಶುರು. ಭಾರತೀಯ ಸಸ್ಯ ಸರ್ವೇಕ್ಷಣಾಲಯ 1987ರಿಂದ ಮೂರು ಸಂಪುಟಗಳಲ್ಲಿ ಅಪಾಯದಲ್ಲಿರುವ ಸಸ್ಯಗಳ ಪುಸ್ತಕ ತಂದಿತು. ಅಂಥ ಪುಸ್ತಕದ ಬಾಗಿಲು ಅಪರೂಪದ ಗಿಡಕ್ಕೆ ತೆರೆದುಕೊಳ್ಳುತ್ತದೆ. ಕಾಡಗಸೆ ಅಪರೂಪವಲ್ಲ, ಹಲವು ರಾಜ್ಯಗಳಲ್ಲಿ ಹರಡಿದೆ. ಕಾಡು ಉಳಿಸುವ ಉತ್ಸಾಹದಿಂದಲೂ ಅದಕ್ಕೆ ಲಾಭ ಕಡಿಮೆ. ಮರದ ನೆರಳು ಅದಕ್ಕೆ ಬೇಡ. ಬಯಲು ಹುಲ್ಲು, ತೆಳು ಮಣ್ಣು, ಕಲ್ಲುಹಾಸು ಬೇಕು. ಆ ಬಯಲೇ ಸರ್ಕಾರಿ ನಕ್ಷೆಗಳಲ್ಲಿ ‘ಬಂಜರು’. ಬಂಜರೆಂದ ಮೇಲೆ ಗಣಿ, ಗಾಳಿಯಂತ್ರ, ನೆಡುತೋಪು ಯಾವುದು ಬಂದರೂ ಕೇಳುವವರಿಲ್ಲ.

ಕಾಡಗಸೆಯೂ ಬೆಳೆಯುವ ಸಾತಾರದ ಕಾಸ್ ಪಠಾರ ಇದಕ್ಕೆ ಪಾಠಶಾಲೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಕಾಸ್ ಕೂಡ ಸೇರಿತು. 2013ರಲ್ಲಿ ಅಪರ್ಣಾ ವಾಟವೆ ಮಹಾರಾಷ್ಟ್ರದ ಕಲ್ಲುಪಠಾರಗಳ ಸ್ಥಿತಿಯ ಸಮೀಕ್ಷೆ ಪ್ರಕಟಿಸಿ, ಬಂಜರೆನ್ನುವ ಜಾಗವೇ ಒಂದು ಜೀವಲೋಕ ಎಂದು ವಿವರಿಸಿದರು. ಹೂ ಕಾಯಲು ಕಾಸ್‌ಗೆ ತಂತಿಬೇಲಿ ಬಂತು. ದನ ಹೊರಗುಳಿದ ಮೇಲೆ ಹುಲ್ಲು ಎತ್ತರವಾಗಿ ಸಣ್ಣ ಹೂಗಿಡಗಳಿಗೆ ಬಿಸಿಲು ಕಡಿಮೆಯಾಗುತ್ತಿದೆ ಎಂಬ ಮಾತೆದ್ದಿತು. ಕೊನೆಗೆ ಬೇಲಿ ತೆಗೆಯುವ ನಿರ್ಧಾರವಾಯಿತು. ಕಾಯುವುದು ಎಂದರೆ ಮುಚ್ಚಿಡುವುದಲ್ಲ ಎಂದು ದನ ಮೇಯಿಸುವವರಿಗೆ ಮೊದಲೇ ಗೊತ್ತಿತ್ತು.

ವಾಗ್ಳೆ ಎಸ್ಟೇಟ್ ಹುಟ್ಟಿದ್ದೂ ಇಂಥ ಖಾಲಿ ನೆಲದ ಲೆಕ್ಕದಲ್ಲೇ. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಆರಂಭದ ಕೈಗಾರಿಕಾ ವಸಾಹತುಗಳಲ್ಲಿ ಇದೊಂದು. ನಂಬರಿನ ರಸ್ತೆಗಳು ಮುಗಿಯುವಲ್ಲಿ ಯೇವೂರಿನ ಗುಡ್ಡ, ಅದರಾಚೆ ಸುಮಾರು 103 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಉದ್ಯಾನದ ಸುತ್ತ 2016ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. 2024ರಲ್ಲಿ ಅದರಡಿಯಿಂದ ಠಾಣೆ–ಬೋರಿವಲಿ ಸುರಂಗಕ್ಕೆ ಭೂಮಿಪೂಜೆಯೂ ಆಯಿತು. ಇಂಥ ಯಾವ ಯೋಜನೆಗೂ ಮೊದಲು ಸಸ್ಯಗಳ ಎಣಿಕೆ ನಡೆಯುತ್ತದೆ. ಮರವನ್ನು ಯಾವ ತಿಂಗಳಲ್ಲಾದರೂ ಎಣಿಸಬಹುದು. ಮಳೆಗಾಲದ ಗಿಡ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮಣ್ಣೊಳಗೆ ಬೀಜವಾಗಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ಗುಡ್ಡ ಹತ್ತಿದವರು ‘ಇಲ್ಲೇನೂ ಇಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಅದೇ ಇಳಿಜಾರಿಗೆ ಸೆಪ್ಟೆಂಬರಿನಲ್ಲಿ, ಅದೂ ಹೂ ಉದುರುವ ಮುನ್ನ ಬೆಳಿಗ್ಗೆಯೇ, ಇನ್ನೊಮ್ಮೆ ಹೋಗಿ ಎಣಿಸಬೇಕು.